ಕಣ್ಣು ತೆಗೆದ ಗೆಡ್ಡೆ

ಆ ಬೆಳಿಗ್ಗೆ ಗಾಳಿ ಎಂಬುದು ಊರು ಬಿಟ್ಟು ಹೋದಂತಿತ್ತು. ಸೂರ್ಯ ಮೋಡದ ಹಿಂದೆ ಕುಳಿತೇ ಕಾಯಿಸುತ್ತಿದ್ದ. ಹಗ್ಗದ ಮೇಲಿನ ಬಟ್ಟೆ ಒಣಗಲೊಲ್ಲದು, ಮೈಯ ಬೆವರು ಆರಲೊಲ್ಲದು. ಇಂಥ ಹವೆಯಲ್ಲಿ ಸುಖವಾಗಿರುವ ಜೀವ ಒಂದೇ, ಆನೆಕಿವಿ ಗಿಡ. ಹಿತ್ತಲ ಕಿಟಕಿಯ ಪಕ್ಕ ಅದು ರಾತ್ರೋರಾತ್ರಿ ಹೊಸ ಎಲೆ ಬಿಚ್ಚಿ ಮೊರದಗಲ ಹರಡಿಕೊಂಡಿತ್ತು. ಎಲೆಯ ತುದಿಯಲ್ಲಿ ಒಂದೇ ಒಂದು ಹನಿ, ಬೀಳಲೋ ಬೇಡವೋ ಎಂದು ತೂಗುತ್ತಿತ್ತು.

ದೊಡ್ಡ ಸೊಸೆ ಬುಡಕ್ಕೆ ಎರಡು ಬಕೆಟ್ ನೀರು ಹೊಯ್ದು, ಎಂದಿನಂತೆ ಅಲ್ಲಿಯೇ ಕಣ್ಣು ಮುಚ್ಚಿ ನಿಂತಳು. ಎರಡು ವರ್ಷದಿಂದ ಅವಳ ಪ್ರಾರ್ಥನೆ ಒಂದೇ: ದೇವರೇ, ನನ್ನ ಕತ್ತರಿ ನನಗೆ ಕೊಡಿಸು. ಮೂರು ತಿಂಗಳಿಂದ ಅದಕ್ಕೊಂದು ಬಾಲ ಸೇರಿತ್ತು: ಅದಾಗದಿದ್ದರೆ ಆ ಓರಗಿತ್ತಿಯ ಕುಂಡ ಬರಿದಾಗಿಯೇ ಇರಲಿ. ಭಕ್ತಿಯಲ್ಲಿ ಕಲಬೆರಕೆ ಇರಲಿಲ್ಲ. ಬೇಡಿದ್ದರಲ್ಲಿ ಮಾತ್ರ ಒಂದಿಷ್ಟು ಹುಳಿಯಿತ್ತು.

ಕತ್ತರಿ ಅತ್ತೆಯದು. ಅತ್ತೆ ದರ್ಜಿ, ಇಡೀ ಬೀದಿಯ ಎದೆ ಸೊಂಟದ ಅಳತೆ ಅವರಿಗೆ ಬಾಯಿಪಾಠ. ಮದುವೆಯಾಗಿ ಬಂದ ದೊಡ್ಡ ಸೊಸೆಗೆ ಕಸುಬು ಕಲಿಸಿದವರೂ ಅವರೇ. ಮೊದಲ ದಿನವೇ ಎರಡು ಮಾತು ಹೇಳಿದ್ದರು. ಬಟ್ಟೆಯ ಕತ್ತರಿ ಕಾಗದ ಮುಟ್ಟಬಾರದು. ಇನ್ನೊಂದು, "ಕತ್ತರಿ ಕೊಡೋವಾಗ ಅಲಗು ನಮ್ಮ ಅಂಗೈಲಿರ್ಬೇಕು, ಹಿಡಿ ಅವರ ಕಡೆ. ಕೊಯ್ದರೆ ನಮ್ಮನ್ನೇ ಕೊಯ್ಲಿ."

ಆಮೇಲೆ ಅತ್ತೆ ಆರು ವರ್ಷ ಹಾಸಿಗೆ ಹಿಡಿದರು. ಮಲಗಿದಲ್ಲಿಂದ ಕಾಣುವುದು ಎದುರುಮನೆಯ ಗೋಡೆಯೊಂದೇ ಎಂದು ದೊಡ್ಡ ಸೊಸೆ ಕಿಟಕಿಯ ಹೊರಗೆ ಆನೆಕಿವಿ ಗೆಡ್ಡೆ ನೆಟ್ಟಳು. ಸುರುಳಿ ಬಿಚ್ಚುವ ಎಲೆ ನೋಡುತ್ತ ಮುದುಕಿ, "ನೋಡೇ, ಬಟ್ಟೆ ಥಾನು ಬಿಚ್ಚಿದ ಹಾಗೆ ಬಿಚ್ಕೊಳ್ತಾ ಇದೆ" ಎನ್ನುತ್ತಿದ್ದರು. ಕೊನೆಯ ವಾರ ಹೇಳಿದ್ದು, "ಕತ್ತರಿ ನಿನಗೆ." ಕೇಳಿಸಿಕೊಂಡದ್ದು ಇವಳೊಬ್ಬಳು, ಇನ್ನು ಕಿಟಕಿಯಾಚೆಯ ಆ ಗಿಡ. ಕಿವಿ ಎಷ್ಟು ದೊಡ್ಡದಿದ್ದರೇನು, ಸಾಕ್ಷಿ ಹೇಳಲು ಅದಕ್ಕೆ ಬಾಯಿಲ್ಲವಲ್ಲ!

ಆರು ವರ್ಷದಲ್ಲಿ ಮೂರು ಸಲ ಬಂದು ಹೋಗಿದ್ದ ಕಿರಿ ಸೊಸೆ, ಮಣ್ಣು ಮಾಡಿ ಬಂದ ದಿನ ನೆಂಟರೆಲ್ಲರ ಮುಂದೆಯೇ ಹೊಲಿಗೆ ಮೇಜಿನಿಂದ ಕತ್ತರಿ ಎತ್ತಿಕೊಂಡಳು. "ಅಕ್ಕ, ಅತ್ತೆ ನೆನಪಿಗೆ ನಂಗೂ ಒಂದು ಬೇಕಲ್ಲ?" ಎಂದು ಚೀಲಕ್ಕೆ ಹಾಕಿದಳು. ಹೆಣ ಹೋದ ಮನೆಯಲ್ಲಿ ಕತ್ತರಿಗೆ ಜಗಳವಾಡಿದಳು ಎನಿಸಿಕೊಳ್ಳಬಾರದೆಂದು ದೊಡ್ಡವಳು ಕತ್ತರಿಯನ್ನು ಹೋಗಗೊಟ್ಟಳು. ಆರು ತಿಂಗಳ ಮೇಲೆ ಓರಗಿತ್ತಿಯ ಉಡುಗೊರೆ ಅಂಗಡಿಗೆ ಹೋದಾಗ ಕಂಡದ್ದೇನು? ಅದೇ ಕತ್ತರಿಯಲ್ಲಿ ಅವಳು ರಟ್ಟು ಕತ್ತರಿಸುತ್ತಿದ್ದಳು. ರಟ್ಟು! ಅಂಟುಪಟ್ಟಿಯ ಚೂರುಗಳು ಅಲಗಿಗೆ ಮೆತ್ತಿಕೊಂಡಿದ್ದವು. ಆ ದಿನ ಹೊತ್ತಿದ ಕಿಚ್ಚು ಹೊಟ್ಟೆಯಲ್ಲಿ ಆರಲೇ ಇಲ್ಲ.

ಮೂರು ತಿಂಗಳ ಹಿಂದೆ ಕಿರಿಯವಳು ತಾನಾಗಿ ಬಂದಳು. "ಅಕ್ಕ, ಅಂಗಡಿ ಬಾಗಿಲಿಗೆ ಇಂಥದ್ದೊಂದು ಗಿಡ ಬೇಕು. ಒಂದು ಗೆಡ್ಡೆ ಕೊಡ್ತೀರಾ?"

"ನಿನಗೆ ಇಲ್ಲ ಅಂತೀನಾ?" ಎಂದು ದೊಡ್ಡವಳು ಹಿತ್ತಲಿಗೆ ಹೋದಳು. ಬುಡ ಬಗೆದು ಮುಷ್ಟಿಗಿಂತ ದೊಡ್ಡ ಗೆಡ್ಡೆ ಕಿತ್ತಳು. ಅದರ ನೆತ್ತಿಯಲ್ಲಿ ಮೊನಚಾದ ಕಣ್ಣು, ನಾಳೆ ಎಲೆಯಾಗುವ ಮೊಳಕೆ. ಗೋಡೆಯ ಮರೆಯಲ್ಲಿ ನಿಂತು ಚಾಕುವಿನ ತುದಿಯಿಂದ ಆ ಕಣ್ಣನ್ನು ದುಂಡಗೆ ಕೊರೆದು ತೆಗೆದಳು. ಕಣ್ಣು ಹೋದರೆ ಗೆಡ್ಡೆಯ ಕತೆ ಮುಗಿಯಿತು ಎಂದು ಅವಳ ನಂಬಿಕೆ. ಗುಳಿಗೆ ಮಣ್ಣು ಮೆತ್ತಿ, ಕಾಗದದಲ್ಲಿ ಸುತ್ತಿ ತಂದುಕೊಟ್ಟಳು. ಜೊತೆಗೆ ಸಾಕುವ ಕ್ರಮವನ್ನೂ ಒಂದಕ್ಷರ ಬಿಡದೆ, ಮನಸ್ಸಿಟ್ಟು ಹೇಳಿದಳು.

"ಅಗಲವಾದ ಕುಂಡ ತಗೋ. ಅರ್ಧ ಗೊಬ್ಬರ, ಅರ್ಧ ಮಣ್ಣು. ತಳದಲ್ಲಿ ತೂತಿರಲಿ, ನೀರು ನಿಂತರೆ ಕೊಳೀತದೆ. ಹಾಗಂತ ಒಂದು ದಿನವೂ ಒಣಗಿಸ್ಬೇಡ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಎಲೆ ಸುಡ್ತದೆ. ಹದಿನೈದು ದಿನಕ್ಕೊಮ್ಮೆ ಗೊಬ್ಬರದ ತಿಳಿ ಹಾಕು."

ಸತ್ತ ಗೆಡ್ಡೆಗೆ ದಿನಾ ನೀರು ಹೊತ್ತು ಹಾಕಲಿ. ಬೀದಿಯವರೆಲ್ಲ, ಮಣ್ಣಿಗೆ ಯಾಕಮ್ಮ ಸ್ನಾನ ಮಾಡಿಸ್ತೀಯ ಎಂದು ಕೇಳಲಿ. ಅದನ್ನು ನೆನೆದೇ ಅವಳ ಎದೆ ತಂಪಾಯಿತು. ಕೈ ಮಾತ್ರ ತಂಪಾಗಲಿಲ್ಲ. ಗೆಡ್ಡೆ ಕೊಯ್ಯುವ ಮೊದಲು ಸದಾ ಕೈಗೆ ಎಣ್ಣೆ ಸವರುವವಳು ಆ ದಿನ ಸಿಟ್ಟಿನ ಭರದಲ್ಲಿ ಮರೆತಿದ್ದಳು. ಗೆಡ್ಡೆಯ ರಸ ತಾಗಿ ಮೂರು ದಿನ ತುರಿಸಿತು.

ಈ ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಬರಿದಾದ ಕುಂಡವನ್ನು ಕಣ್ಣಾರೆ ನೋಡಲೇಬೇಕೆಂದು ಸೀರೆ ಬದಲಿಸಿದಳು.

"ಎಲ್ಲಿಗೆ ಸವಾರಿ?" ಎಂದ ಗಂಡ.

"ನಿಮ್ಮ ತಮ್ಮನ ಹೆಂಡ್ತಿ ಗಿಡ ಹೇಗಿದೆ, ನೋಡ್ಕೊಂಡು ಬರ್ತೀನಿ."

"ಅವಳ ಹೆಸರೆತ್ತಿದ್ರೆ ಮುಖ ತಿರುಗಿಸೋಳು, ಅವಳ ಗಿಡ ನೋಡೋಕೆ ಹೋಗ್ತೀಯಾ? ಪಾಪ ಆ ಗಿಡ!"

ಬಸ್ಸಿಳಿದು ತಿರುವು ದಾಟಿದಾಗ ಅಂಗಡಿ ಕಂಡಿತು. ಬಾಗಿಲ ಬಳಿ ಕುಂಡ. ಕುಂಡದ ತುಂಬ ಹಸಿರು. ಹತ್ತಿರ ಹೋಗಿ ಎಣಿಸಿದಳು. ಒಂದಲ್ಲ, ಎರಡಲ್ಲ, ಏಳು ಗಿಡಗಳು ಒಂದನ್ನೊಂದು ನೂಕುತ್ತ ಎದ್ದಿದ್ದವು. ದೇವರೇ, ನಾನು ಬೇಡಿದ್ದೇನು, ನೀನು ಕೊಟ್ಟದ್ದೇನು?

ಕಿರಿಯವಳು ಸ್ಟೂಲು ತಂದು ಹಾಕಿದಳು. "ಬನ್ನಿ ಅಕ್ಕ. ನೋಡಿದ್ರಾ? ನೀವು ಹೇಳಿದ್ದು ಒಂದೂ ತಪ್ಪಿಸಲಿಲ್ಲ. ಒಂದು ತಿಂಗಳು ಏನೂ ಬರಲಿಲ್ಲ. ಆಮೇಲೆ ಬಗೆದು ನೋಡಿದೆ. ನೆತ್ತೀಲಿ ಇಷ್ಟಗಲ ಗುಳಿ. ಆದ್ರೆ ಸುತ್ತ ಬದಿಯಲ್ಲಿ ಏಳು ಮೊಳಕೆ ಕಣ್ಣು ಬಿಡ್ತಾ ಇದ್ವು."

"ಗುಳಿನಾ? ಇಲಿ ತಿಂದಿರ್ಬೇಕು."

"ಇಲಿ ಅಷ್ಟು ದುಂಡಗೆ ಕೊರೀತದಾ ಅಕ್ಕ? ಹೊಲಿಗೆ ಕಲಿತ ಇಲಿ ಇರ್ಬೇಕು." ಕಿರಿಯವಳು ನಗಲಿಲ್ಲ. "ಅವತ್ತು ನಾನು ಹೊರಡೋವರೆಗೂ ನೀವು ಕೈ ಕೆರ್ಕೋತಾನೇ ಇದ್ರಿ."

ದೊಡ್ಡವಳು ಎರಡೂ ಕೈಗಳನ್ನು ಸೆರಗಿನಡಿ ಸರಿಸಿದಳು. ತುರಿಕೆ ಮತ್ತೆ ಬಂದಂತಾಯಿತು. ಹಾಗೆಂದು ಸೋಲಲು ಮನಸ್ಸಿರಲಿಲ್ಲ. "ಎಲೆ ಅಂಗೈಯಗಲ ಇದೆ ಅಷ್ಟೇ" ಎಂದಳು. "ನನ್ನದರ ಕಾಲು ಭಾಗವೂ ಇಲ್ಲ."

"ಹೌದು, ಚಿಕ್ಕವು." ಕಿರಿಯವಳು ಕುಂಡದ ಅಂಚು ಒರೆಸುತ್ತ ಹೇಳಿದಳು, "ಗುಳಿ ನೋಡಿದ ದಿನ ಚೆನ್ನಾಗಿ ಬೈಯೋಣ ಅಂತ ಫೋನ್ ಎತ್ತಿದೆ. ಏನಂತ ಬೈಲಿ? ನೀವು ಕೊಟ್ಟಿದ್ರಲ್ಲಿ ಕಣ್ಣು ಕಿತ್ತಿದ್ರಿ. ನಾನೋ, ಯಾರೂ ಕೊಡದೆ ಇದ್ದ ಕತ್ತರೀನೇ ಎತ್ಕೊಂಡು ಬಂದಿದ್ದೆ. ಫೋನ್ ಕೆಳಗಿಟ್ಟೆ."

ರಸ್ತೆಯಲ್ಲಿ ಯಾವುದೋ ಗಾಡಿ ಹಾರನ್ ಬಾರಿಸಿ ಹೋಯಿತು. ದೊಡ್ಡವಳು ಸೆರಗಿನಡಿಯಿಂದ ಕೈ ತೆಗೆದು ಒತ್ತೊತ್ತಾದ ಎಲೆಗಳನ್ನು ಸರಿಸಿ ನೋಡಿದಳು.

"ಏಳನ್ನೂ ಒಂದೇ ಕುಂಡದಲ್ಲಿ ಬಿಡ್ಬೇಡ" ಎಂದಳು, ಗಿಡದ ಕಡೆಗೇ ನೋಡುತ್ತ. "ಒಂದೊಂದನ್ನೂ ಬೇರೆ ಮಾಡಿ ನೆಡು. ಹಳೇ ಎಲೆ ತೆಗೀತಾ ಇರು. ಆಗ ದೊಡ್ಡದಾಗ್ತವೆ. ಕೈಗೆ ಎಣ್ಣೆ ಹಚ್ಕೊಂಡು ಮುಟ್ಟು."

ಕಿರಿಯವಳು ತಲೆಯಾಡಿಸಿ ಒಳಗೆ ಹೋದಳು. ಮೇಜಿನ ಖಾನೆ ಎಳೆದ ಸದ್ದಾಯಿತು. ಹಳದಿ ಬಟ್ಟೆಯ ಸುತ್ತೊಂದನ್ನು ತಂದು ಬಿಚ್ಚಿದಳು. ಒಳಗೆ ಅತ್ತೆಯ ಕತ್ತರಿ, ಅಂಟಿನ ಕಲೆ ಇರಲಿಲ್ಲ. ಸಾಣೆ ಹಿಡಿಸಿದ ಅಲಗಿನಲ್ಲಿ ಬೆಳಕು ಓಡಾಡುತ್ತಿತ್ತು. ಅವಳಿಗೆ ಹೊಲಿಗೆ ಬರದು. ಮುದುಕಿ ಅವಳಿಗೇನೂ ಕಲಿಸಿರಲಿಲ್ಲ. ಎಂದೋ ನೋಡಿ ನೆನಪಿಟ್ಟಿದ್ದಿರಬೇಕು. ಅಲಗನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದು, ಹಿಡಿಯನ್ನು ಅಕ್ಕನ ಕಡೆ ಚಾಚಿದಳು.