ಮೇಲಿನ ಸಾಲು

“ಎಂಟನೇ ಕ್ಲಾಸಲ್ಲಿ ಡುಮ್ಕಿ ಹೊಡೆದವನು ನನಗೆ ಪಾಠ ಹೇಳೋಕೆ ಬಂದಿದ್ದಾನೆ, ಕೇಳಿಸಿಕೊಳ್ರಪ್ಪ,” ಎಂದ ಅಧಿಕಾರಿ. ಅಗ್ನಿಶಾಮಕ ಠಾಣೆಯ ಕಂಟ್ರೋಲ್ ರೂಮಿನಲ್ಲಿದ್ದ ಹತ್ತು ಹನ್ನೆರಡು ಜನ ಘೊಳ್ಳೆಂದು ನಕ್ಕರು. ಅವರಲ್ಲಿ ಆ ಮಾತು ಕೇಳಿಸಿಕೊಂಡವನ ಭಾವನೂ ಇದ್ದ. ಅಕ್ಕನ ಗಂಡ, ಬೆಂಕಿಯೊಳಗೆ ಮೊದಲು ನುಗ್ಗುವ ತಂಡದವನು. ಉಳಿದವರ ನಗು ಕಿವಿಗೆ ಬಿತ್ತು. ಭಾವನದು ಚುಚ್ಚಿತು.

ವಯರ್‌ಲೆಸ್ ಸೆಟ್ಟು ರಿಪೇರಿ ಮಾಡುವ ಅವನನ್ನು ಠಾಣೆಯಲ್ಲೆಲ್ಲ ಟೆಸ್ಟರ್ ಎಂದೇ ಕರೆಯುತ್ತಿದ್ದರು. ಜೇಬಿನಿಂದ ಟೆಸ್ಟರ್ ಇಣುಕದ ದಿನವೇ ಇರಲಿಲ್ಲ. ಆರು ವರ್ಷದಿಂದ ದಿನಗೂಲಿ. ಈ ತಿಂಗಳು ಕಾಯಂ ಮಾಡುತ್ತೇವೆಂದು ಮಾತು ಕೊಟ್ಟಿದ್ದರು.

ಹೋದ ವರ್ಷ ಗೋದಾಮೊಂದು ಹೊತ್ತಿ ಉರಿದಾಗ ಛಾವಣಿ ಕುಸಿಯುತ್ತಿರುವುದನ್ನು ಹಿಂಬದಿಯಲ್ಲಿದ್ದ ಪೊಲೀಸರು ಕಂಡಿದ್ದರು. ತಮ್ಮ ಸೆಟ್ಟಿನಲ್ಲಿ ಗಂಟಲು ಹರಿಯುವಂತೆ ಕೂಗಿದ್ದರು. ಆದರೆ ಪೊಲೀಸರ ಸೆಟ್ಟು ಪೊಲೀಸರಿಗಷ್ಟೇ ಕೇಳುತ್ತಿತ್ತು. ಒಳಗಿದ್ದ ಇಬ್ಬರು ಹೊರಗೆ ಬರಲಿಲ್ಲ. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಮೂವರೂ ಒಂದೇ ಚಾನೆಲ್ಲಿನಲ್ಲಿ ಮಾತಾಡುವ ಸೆಟ್ಟುಗಳಿಗೆಂದು ಸರ್ಕಾರ ಅನುದಾನ ಕೊಟ್ಟದ್ದು ಆಮೇಲೆ. ಈಗ ಸೆಟ್ಟುಗಳು ಬಂದಿದ್ದವು. ಎಲ್ಲವೂ ಒಂದಕ್ಕೊಂದು ಮಾತಾಡುತ್ತವೆಂದು ಪರೀಕ್ಷೆ ಮಾಡಿದವನು ಸಹಿ ಹಾಕಿದ ಹಾಳೆ ಸಂಜೆ ಐದರೊಳಗೆ ಮೇಲಿನ ಕಚೇರಿಗೆ ಮುಟ್ಟದಿದ್ದರೆ ಅನುದಾನ ವಾಪಸು. ಗಂಟೆ ನಾಲ್ಕಾಗಿತ್ತು.

“ಪಾಠ ಅಲ್ಲ ಸರ್,” ಎಂದ ಟೆಸ್ಟರ್. “ಕಂಪನಿಯವರು ಪ್ರತಿ ಪೆಟ್ಟಿಗೇಲೂ ಮೇಲಿನ ಸಾಲಿಗೆ ಮಾತ್ರ ಹೊಸ ಚಾನೆಲ್ ತುಂಬಿದ್ದಾರೆ. ಹಣ್ಣಿನ ಬುಟ್ಟೀಲಿ ಒಳ್ಳೇವನ್ನ ಮೇಲಿಡ್ತಾರಲ್ಲ, ಹಾಗೆ. ತಪಾಸಣೆಗೆ ಬಂದವರು ಮೇಲಿಂದಾನೇ ತಾನೇ ಎತ್ಕೊಳ್ಳೋದು? ಕೆಳಗಿನವು ದೀಪ ಹತ್ತುತ್ತೆ, ಬೇರೆಯವರ ಸೆಟ್ಟಿಗೆ ಮಾತು ದಾಟಲ್ಲ.”

“ಆಮೇಲೆ ಬಂದು ತುಂಬ್ತಾರೆ. ನೀನು ಸಹಿ ಗೀಚು.”

“ದುಡ್ಡು ಕೈ ಸೇರಿದ ಮೇಲೆ ಅವರು ಈ ಕಡೆ ತಲೆ ಹಾಕಿಯೂ ಮಲಗಲ್ಲ ಸರ್.”

ಭಾವ ಅವನ ಮೊಣಕೈ ಹಿಡಿದು ಕಿಟಕಿಯತ್ತ ಎಳೆದ. “ಹಾಕಿಬಿಡೋ. ಕೈಗೆ ಬಂದಿದ್ದನ್ನ ಕಾಲಲ್ಲಿ ಒದೀಬೇಡ. ನಿಮ್ಮಕ್ಕ ನನ್ನ ಜೀವ ತಿಂತಾಳೆ.”

“ನೀವೂ ನಕ್ಕಿರಲ್ಲ ಭಾವ.”

“ಎಲ್ಲರೂ ನಗೋವಾಗ ನಾನೊಬ್ಬ ಹರಳೆಣ್ಣೆ ಕುಡಿದವನ ಥರ ನಿಂತಿರ್ಲಾ?”

ಟೆಸ್ಟರ್ ಪೆಟ್ಟಿಗೆ ಬಿಚ್ಚಿ ಮೇಲಿನಿಂದ ಒಂದು, ತಳದಿಂದ ಒಂದು ಸೆಟ್ಟು ತೆಗೆದ. ತಳದ್ದಕ್ಕೆ ಕಪ್ಪು ಟೇಪು ಸುತ್ತಿ ಎರಡನ್ನೂ ಭಾವನ ಕೈಗಿಟ್ಟ. “ಕೆಳಗೆ ಪಂಪ್ ಮನೆಗೆ ಹೋಗಿ. ಮೊದಲು ಇದರಲ್ಲಿ ಮಾತಾಡಿ, ಆಮೇಲೆ ಟೇಪು ಸುತ್ತಿರೋದ್ರಲ್ಲಿ. ಎರಡೂ ಕೇಳಿಸಿದ್ರೆ ಸಹಿ ಹಾಕ್ತೀನಿ.”

“ಹೋಗಿ ಬಾರಯ್ಯ,” ಎಂದ ಅಧಿಕಾರಿ. “ಇವನ ಹುಚ್ಚು ಬಿಡಿಸೋಣ.”

ಮೇಜಿನ ಮೇಲೆ ಪೊಲೀಸರಿಗೆಂದು ಬಂದ ಹೊಸ ಸೆಟ್ಟು ಇಟ್ಟಿದ್ದರು. ಸ್ವಲ್ಪ ಹೊತ್ತಿಗೆ ಅದು ಗರಗರ ಎಂದಿತು. “ಕೇಳ್ತಿದೆಯಾ? ಪಂಪ್ ಮನೇಲಿದೀನಿ. ಇಲ್ಲಿ ಇಲಿಗಳು ಸಂಸಾರ ಹೂಡಿವೆ, ಅವಕ್ಕೂ ಒಂದು ಸೆಟ್ಟು ಕೊಡ್ಸಿ.” ಮತ್ತೆ ನಗು. ಅಧಿಕಾರಿ ಪೆನ್ನು ತೆಗೆದು ಮುಂದೆ ಚಾಚಿದ. “ಸರಿ, ಈಗ ಇನ್ನೊಂದು,” ಎಂದಿತು ಭಾವನ ಧ್ವನಿ.

ಆಮೇಲೆ ಏನೂ ಇಲ್ಲ. ಸೆಟ್ಟಿನ ಹಸಿರು ದೀಪ ಸುಮ್ಮನೆ ಉರಿಯುತ್ತಿತ್ತು. ಅರ್ಧ ನಿಮಿಷವಾಯಿತು, ಒಂದಾಯಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಸರಿದರು. ಗೋದಾಮಿನ ದಿನ ಗಾಡಿ ಓಡಿಸಿದ್ದ ಡ್ರೈವರು ಮಾತ್ರ ಗೋಡೆಯತ್ತ ಮುಖ ತಿರುಗಿಸಿದ.

ಅಧಿಕಾರಿ ಹಾಳೆಯನ್ನು ತಳ್ಳಿದ. “ಒಂದು ಸೆಟ್ಟು ಕೆಟ್ಟಿದೆ, ಅಷ್ಟೆ. ಸಹಿ ಹಾಕ್ತೀಯೋ, ನಾಳೆಯಿಂದ ಮನೇಲಿರ್ತೀಯೋ? ಬಾಯಿಬಿಡು.”

ಟೆಸ್ಟರ್ ಪೆನ್ನು ತೆಗೆದುಕೊಂಡು ಅದರ ಮುಚ್ಚಳ ಹಾಕಿದ. ಹಾಳೆಯ ಮೇಲೆ ಅಡ್ಡವಾಗಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ. ಯಾರೂ ತಡೆಯಲಿಲ್ಲ.

ಮೆಟ್ಟಿಲ ತುದಿಗೆ ಬಂದಾಗ ಕೆಳಗಿನ ಕತ್ತಲಿನಿಂದ, ಸೆಟ್ಟಿನ ಹಂಗಿಲ್ಲದೆ, ಭಾವನ ಬರಿಯ ಗಂಟಲು ಮೇಲೇರಿ ಬರುತ್ತಿತ್ತು: “ಕೇಳ್ತಿದೆಯಾ? ಯಾರಾದ್ರೂ ಇದೀರಾ? ಕೇಳ್ತಿದೆಯಾ?” ಅವನು ಕಂಬಿ ಹಿಡಿದು ಇಳಿಯತೊಡಗಿದ.