ಬೀರುವಿನೊಳಗಿನ ಜೆಲ್

ತನ್ನ ಜೆಲ್ ಬಿಲ್ಲೆಗಳನ್ನು ಯಾರೋ ಕೆಡಿಸುತ್ತಿದ್ದಾರೆ ಎಂಬುದರಲ್ಲಿ ದಾಕ್ಷಾಯಿಣಿಗೆ ಅನುಮಾನವೇ ಉಳಿದಿರಲಿಲ್ಲ. ಆ ಯಾರೋ ಜೊತೆಯ ಸಂಶೋಧಕ ತೇಜಸ್ಸೇ ಎಂಬುದರಲ್ಲೂ.

ಚೆನ್ನೈನ ಕ್ರೋಂಪೇಟೆಯ ಆ ಪ್ರಯೋಗಾಲಯದಲ್ಲಿ ಸುಟ್ಟಗಾಯದ ಪಟ್ಟಿಗೆಂದು ಇಬ್ಬರೂ ಒಂದೊಂದು ಬಗೆಯ ಕೃತಕ ಜೆಲ್ ತಯಾರಿಸಿದ್ದರು. ಯಾರ ಜೆಲ್ ಹೆಚ್ಚು ನೀರು ಹಿಡಿಯುವುದೋ ಅವರ ಸಂಶೋಧನೆ ಮುಂದುವರಿಯುತ್ತಿತ್ತು. ಇನ್ನೊಬ್ಬರು ಜಾಗ ಖಾಲಿ ಮಾಡಬೇಕಿತ್ತು. ಒಣ ಬಿಲ್ಲೆಯನ್ನು ತೂಗಿ, ನೀರಿನಲ್ಲಿ ನೆನೆಸಿ, ಮೇಲಿನ ತೇವವನ್ನು ಕಾಗದದಿಂದ ಒತ್ತಿ ತೆಗೆದು ಮತ್ತೆ ತೂಗುವುದು ಕ್ರಮ. ಬೆಂದ ಸಬ್ಬಕ್ಕಿಯಂತೆ ಊದಿಕೊಂಡಿದ್ದ ಅವಳ ಬಿಲ್ಲೆಗಳು ಒಂದು ಮಧ್ಯಾಹ್ನ ಸೊರಗಿದ್ದವು. ಅವನ್ನು ನೆನೆಸಿಟ್ಟಿದ್ದ ಬಾಟಲಿಗಳು ಮೇಜಿನ ಮೇಲಿಂದ ಬಿಸಿಲು ಬೀಳುವ ಕಿಟಕಿಯ ಬಳಿಗೆ ಹೋಗಿದ್ದವು.

"ನನ್ನ ಟ್ರೇಗೆ ಜಾಗ ಇರ್ಲಿಲ್ಲ, ಸರಿಸ್ದೆ ಅಷ್ಟೇ," ಎಂದಿದ್ದ ತೇಜಸ್, ಮುಖ ಕೊಟ್ಟು ಮಾತಾಡದೆ.

ಅಂದೇ ಅವಳು ಮಾದರಿಗೆಂದು ಫ್ರಿಜ್ಜಿನಲ್ಲಿಟ್ಟಿದ್ದ ಕೆಲವನ್ನು ಬಿಟ್ಟು ಉಳಿದೆಲ್ಲವನ್ನೂ ಪಡುವಣ ಗೋಡೆಗೆ ಒರಗಿದ್ದ ಹಳೆಯ ಉಕ್ಕಿನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಏನ್ರೀ, ಒಳಗೆ ಚಿನ್ನ ಇದೆಯಾ? ಮರಿ ಹಾಕುತ್ತಾ?" ಎಂದು ತೇಜಸ್ ಕೆಣಕಿದ.

"ಕೆಲವರಿರೋ ಕಡೆ ನೀರಿಗೂ ಬೀಗ ಬೇಕು."

"ಸೂಪರ್ ಮಾ," ಎಂದ ಚೆನ್ನೈನ ಮಾಂಬಲಂನಲ್ಲೇ ಬೆಳೆದ ತೇಜಸ್, ತಮಿಳರ ಧಾಟಿಯಲ್ಲಿ.

ಬೀಗದೊಳಗೂ ತೂಕ ಇಳಿಯಿತು, ಮೊದಲಿಗಿಂತ ಹೆಚ್ಚಾಗಿ. ಗಾಜಿನಂತಿದ್ದ ಬಿಲ್ಲೆಗಳು ಹಾಲಿನಂತೆ ಬಿಳುಚಿದ್ದವು. ಅವನ ಬಳಿ ಇನ್ನೊಂದು ಕೀಲಿಯಿದೆ, ಜೆಲ್ ನೀರು ಬಿಡಲೆಂದು ಉಪ್ಪು ಸುರಿದಿದ್ದಾನೆ! ಅವಳು ನೇರವಾಗಿ ಮಾರ್ಗದರ್ಶಕಿ ಹರಿಪ್ರಿಯಾ ಅವರ ಕೋಣೆಗೆ ಹೋಗಿ ದೂರು ಕೊಟ್ಟಳು.

"ನಿಜವಾದ್ರೆ ಅವನನ್ನ ಲ್ಯಾಬಿಗೇ ಸೇರಿಸಲ್ಲ," ಎಂದರು ಅವರು. "ಮೊದಲು ಉಷ್ಣ ಪರೀಕ್ಷೆ ಮಾಡಮ್ಮ. ಫ್ರಿಜ್ಜಿನಲ್ಲಿರೋ ಬಿಲ್ಲೆ ಒಂದು, ಬೀರುವಿಂದು ಒಂದು. ಏನಾದ್ರೂ ಬೆರೆತಿದ್ರೆ ಎರಡೂ ಬೇರೆ ಬೇರೆ ತೋರಿಸುತ್ತೆ."

ಎರಡು ಚೂರುಗಳನ್ನೂ ಪುಟ್ಟ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಮುಚ್ಚಿ, ಯಂತ್ರದಲ್ಲಿ ಒಂದಾದ ಮೇಲೊಂದನ್ನು ನಿಧಾನವಾಗಿ ಕಾಯಿಸಿದಳು. ಯಂತ್ರ ಹಾಳೆಯ ಮೇಲೆ ಬರೆದ ಎರಡು ಗೆರೆಗಳೂ ಮೂವತ್ತೆರಡು ಡಿಗ್ರಿಯಲ್ಲಿ ಒಂದೇ ರೀತಿ ಕುಸಿದವು. ಬೆರಕೆ ಏನೂ ಇರಲಿಲ್ಲ. ಮೈಯ ಶಾಖವನ್ನು ತಾಳುತ್ತದೆಂದು ಅವಳು ಲೆಕ್ಕ ಹಾಕಿದ್ದ ಜೆಲ್, ಅದಕ್ಕೂ ಮೊದಲೇ ಹಿಡಿದ ನೀರನ್ನು ಕಕ್ಕುತ್ತಿತ್ತು.

ಬೀರುವಿನೊಳಗೆ ಥರ್ಮಾಮೀಟರ್ ಇಟ್ಟಳು. ಎಸಿಯ ಗಾಳಿ ಆ ಮೂಲೆಗೆ ತಲುಪುತ್ತಿರಲಿಲ್ಲ. ಗೋಡೆಯಾಚೆ ಚೆನ್ನೈನ ಬಿಸಿಲು. ಥರ್ಮಾಮೀಟರ್ ಮೂವತ್ತಾರು ಡಿಗ್ರಿ ತೋರಿಸಿತು. ಫ್ರಿಜ್ಜಿನ ತಿಳಿ ಬಿಲ್ಲೆಯೊಂದನ್ನು ನೀರಿನೊಡನೆ ಅಲ್ಲೇ ಇಟ್ಟು ಕಾದಳು. ಅದು ಅಂಚಿನಿಂದ ಬಿಳುಚತೊಡಗಿತು.

ಹಿಂದೆ ತೇಜಸ್ ನಿಂತಿದ್ದ.

"ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಮಧ್ಯಾಹ್ನ ಆ ಬೀರು ಮುಟ್ಟಿದ್ರೆ ಬೆಚ್ಚಗಿರುತ್ತೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ಅಲ್ಲದೆ, ಗೆಲ್ಲೋದು ನನಗೂ ಬೇಕಿತ್ತು."

ಅವಳು ಯಂತ್ರದ ಹಾಳೆಗಳತ್ತ ತಿರುಗಿದಳು. ದೂರು ಹಿಂತೆಗೆದುಕೊಂಡರೆ ಈ ಗೆರೆಗಳನ್ನು ತೋರಿಸಲೇಬೇಕು; ತೋರಿಸಿದರೆ ಗಾಯದ ಪಟ್ಟಿಗೆ ತನ್ನ ಜೆಲ್ ಸಲ್ಲದೆಂದು ತಾನೇ ಒಪ್ಪಿದಂತೆ. ತೋರಿಸದಿದ್ದರೆ ಹೋಗುವವನು ತೇಜಸ್. ಎರಡೂ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಪಿನ್ನು ಹಾಕಿ, ಹರಿಪ್ರಿಯಾ ಅವರ ಮೇಜಿನ ಮೇಲಿಟ್ಟಳು. "ಅವರು ಏನೂ ಮಾಡಿಲ್ಲ, ಮೇಡಂ. ನನ್ನ ಜೆಲ್ಲೇ ಶಾಖಕ್ಕೆ ನಿಲ್ಲಲ್ಲ."

ತನ್ನ ಸಾಮಾನು ತೆಗೆದುಕೊಳ್ಳಲು ಅವಳು ಮರಳಿದಾಗ ತೇಜಸ್ ಮೇಜಿನ ಮೇಲೆ ಬಾಗಿದ್ದ. ಯಾರಾದರೂ ಸರಿಸಿದರೆ ತಿಳಿಯಲೆಂಬಂತೆ, ತನ್ನ ಬಾಟಲಿಗಳು ಎಲ್ಲೆಲ್ಲಿವೆಯೆಂದು ಒಂದೊಂದಾಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದ. ಅವಳು ಹೊರಡುವವರೆಗೂ ಅಲ್ಲಿಂದ ಕದಲಲಿಲ್ಲ.