ನಯದ ಅರ

ಸ್ಟೋರ್ ಅಕ್ಕನಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಸುಬಿನ ಶಾಲೆಯ ಸ್ಟೋರಿನಲ್ಲಿ ಕೂತು, ಕೇಳಿದವರಿಗೆಲ್ಲ ಸುತ್ತಿಗೆ, ಉಳಿ, ಕಬ್ಬಿಣ ಉಜ್ಜುವ ಅರ ಎತ್ತಿಕೊಟ್ಟವಳು ಇವತ್ತು ತಾನೇ ಫಿಟ್ಟರ್ ಪರೀಕ್ಷೆಗೆ ನಿಂತಿದ್ದಳು. ಶಾಲೆ ಶುರುವಾದಾಗ ಹೆಂಗಸರಿಗೆ ಹಿಂದಿನ ಶೆಡ್ಡಿನಲ್ಲಿ ಹೊಲಿಗೆ, ಬುಟ್ಟಿ ಹೆಣಿಗೆ, ಅಷ್ಟೇ. ಅವರನ್ನು ಕಬ್ಬಿಣದ ಶೆಡ್ಡಿಗೆ ಸೇರಿಸಿಕೊಳ್ಳಲು ಶಾಲೆ ನಡೆಸುವ ಮಹನೀಯರಿಗೆ ಅರವತ್ತು ವರ್ಷ ಹಿಡಿಯಿತು. ಅದೂ ನಲವತ್ತೈದು ದಾಟಿದವರು ಪರೀಕ್ಷೆ ಕಟ್ಟುವಂತಿಲ್ಲ. ಅಕ್ಕನಿಗೆ ಬರುವ ತಿಂಗಳು ನಲವತ್ತೈದು ತುಂಬುತ್ತಿತ್ತು, ಇದೇ ಕೊನೆಯ ಅವಕಾಶ. ಪಾಸಾದರೆ ಇದೇ ಶೆಡ್ಡಿನಲ್ಲಿ ಕಲಿಸುವ ಕೆಲಸ, ಇಲ್ಲವಾದರೆ ಸಾಯುವ ತನಕ ಸ್ಟೋರು.

"ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅತ್ತಿಗೆ?" ಎಂದು ಮೈದುನ ಕಾಲೆಳೆದಿದ್ದ.

"ಪಾಸಾಗಿ ಬಂದು ಹೇಳ್ತೀನಿ, ಅಲ್ಲೀತನಕ ಬಾಯಿ ಮುಚ್ಕೊಂಡಿರು," ಎಂದು ಹೊರಟುಬಂದಿದ್ದಳು.

ಕೆಲಸ ಇಷ್ಟೇ. ಚೌಕದ ತೂತಿಗೆ ಚೌಕದ ತುಂಡನ್ನು ಉಜ್ಜಿ ಕೂರಿಸಬೇಕು, ಸಂದಿನಲ್ಲಿ ಬೆಳಕು ನುಸುಳಬಾರದು. ಅವಳದು ಇನ್ನೇನು ಕೂತೇಬಿಡುತ್ತಿತ್ತು. ಒಂದು ಮಗ್ಗುಲಿಗೆ ನಯದ ಅರದಿಂದ ನಾಲ್ಕು ಸಲ ಉಜ್ಜಿದ್ದರೆ ಮುಗಿಯುತ್ತಿತ್ತು.

ಪಕ್ಕದ ಮೇಜಿನ ಹುಡುಗಿಯ ಅರ ಕೆಳಗೆ ಬಿದ್ದು ಎರಡು ತುಂಡಾಯಿತು. "ಅಕ್ಕಾ, ನಯದ ಅರ!" ಎಂದಳು ಹುಡುಗಿ, ಸ್ಟೋರಿನಲ್ಲಿ ಕೇಳುವ ಹಾಗೆಯೇ. ಅಕ್ಕನ ಕೈ ತಂತಾನೇ ಚಾಚಿ ತನ್ನ ಬಳಿಯಿದ್ದ ಒಂದನ್ನೇ ಕೊಟ್ಟುಬಿಟ್ಟಿತು.

ಕೊಟ್ಟ ಮೇಲೆ ಅವಳಿಗೆ ತನ್ನ ತುಂಡಿನ ನೆನಪಾಯಿತು. ವಾಪಸು ಕೇಳೋಣವೆಂದರೆ ಹುಡುಗಿ ಉಸಿರು ಬಿಗಿಹಿಡಿದು ಉಜ್ಜುತ್ತಿದ್ದಾಳೆ. ಗಡಿಯಾರ ನೋಡಿದಳು, ಹುಡುಗಿಯನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಐದು ನಿಮಿಷ ಉಳಿದಾಗ ತಡೆಯಲಾರದೆ ಒರಟು ಅರವನ್ನೇ ಎತ್ತಿಕೊಂಡಳು. ಎರಡನೇ ಸಲ ಉಜ್ಜುವಾಗಲೇ ತುಂಡು ಹೆಚ್ಚು ಸವೆಯಿತೆಂದು ಕೈಗೆ ಗೊತ್ತಾಗಿಹೋಯಿತು.

ಪರೀಕ್ಷಕರು ತುಂಡನ್ನು ಕಿಟಕಿಗೆ ಹಿಡಿದರು. "ಬೆಳಕು ಕಾಣಿಸ್ತಿದೆಯಲ್ಲಮ್ಮ. ನಯದ ಅರ ಏನಾಯ್ತು?"

"ಯಾರೋ ಕೇಳಿದ್ರು, ಕೊಟ್ಟೆ."

"ಪರೀಕ್ಷೇಲಿ ಯಾರಾದ್ರೂ ಕೊಡ್ತಾರಾ?"

"ಇಪ್ಪತ್ತೆರಡು ವರ್ಷ ನನ್ನ ಕೈಲಿ ಅದನ್ನೇ ತಾನೇ ಮಾಡಿಸಿದ್ದು ನೀವೆಲ್ಲ?" ಅಕ್ಕನ ದನಿ ಶೆಡ್ಡಿನ ತುಂಬ ಕೇಳಿಸಿತು.

ಅವರು ತಲೆ ತಗ್ಗಿಸಿ ಫೇಲು ಎಂದು ಬರೆದರು.

ಹುಡುಗಿ ಪಾಸಾಗಿದ್ದಳು. ಹೊರಗೆ ಬಂದು ಅಕ್ಕನ ಕೈ ಹಿಡಿದು ಅತ್ತಳು. "ನಾನು ಕೇಳಬಾರದಿತ್ತು ಅಕ್ಕಾ."

"ಕೇಳಿದ್ದು ತಪ್ಪಲ್ಲ ಕಣೇ, ನಾನು ಕೊಟ್ಟಿದ್ದು ತಪ್ಪು."

ಆಡಿದ ಮೇಲೆ ಮಾತು ಕಟುವಾಯಿತೆಂದು ಅಕ್ಕನಿಗೇ ಅನ್ನಿಸಿತು. ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.